ಪೇಸ್‌ಮೇಕರ್ ಹಾಕಿದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲಾಸ್ಪತ್ರೆಯ ಹೃದ್ರೋಗ ಘಟಕದ ಉದ್ಘಾಟನೆಯ ಸುದ್ದಿಯನ್ನು ನಿಮ್ಮ ಪತ್ರಿಕೆ ಫೋಟೊ ಸಮೇತ ಪ್ರಕಟಿಸಿತ್ತು. ಇನ್ನು ಮುಂದೆ ಹೃದಯದ ತೊಂದರೆ ಅಂತ ಯಾರೂ ಬೆಂಗಳೂರಿಗೆ ಅಲೆಯಬೇಕಾಗಿಲ್ಲ ಎಂದು ವೇದಿಕೆಯಲ್ಲಿದ್ದವರು ಕೊಟ್ಟ ಭರವಸೆಯೂ ಅದರಲ್ಲಿತ್ತು. ಆ ಭರವಸೆ ಸುಳ್ಳು. ನಮ್ಮ ಯಜಮಾನರನ್ನು ಅದೇ ಘಟಕದಿಂದ ಬೆಂಗಳೂರಿಗೆ ಸಾಗಹಾಕಿದ್ದಾರೆ.

ಯಜಮಾನರಿಗೆ ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ತಲುಪದ ತೊಂದರೆ) ಆಗಿ ಪೇಸ್‌ಮೇಕರ್ ಹಾಕಿಸಿ ಬಹಳ ವರ್ಷಗಳಾದವು. ಮೊನ್ನೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ಕಣ್ಣು ಕತ್ತಲೆ ಬಂದು ಕುಸಿದರು. ಜಿಲ್ಲಾಸ್ಪತ್ರೆಗೆ ಕರೆದೊಯ್ದರೆ ಇಸಿಜಿ ತೆಗೆದು, “ಇದು ಅಟ್ಯಾಕ್ ಅಲ್ಲ. ಬ್ಯಾಟರಿ ವಿಷಯ ನಮ್ಮಲ್ಲಿ ನೋಡಲ್ಲ, ಹಾಕಿದ ಕಡೆಗೇ ಹೋಗಿ” ಎಂದುಬಿಟ್ಟರು. ತಲೆ ಎತ್ತಲಾಗದವರನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟೆವು. ಬೆಂಗಳೂರಿನಲ್ಲೂ, “ಮಷಿನ್ ತರುವ ಕಂಪನಿಯವರು ಬರೋದು ನಾಳೆ” ಎಂಬ ಉತ್ತರ ಸಿಕ್ಕಿತು.

ಮಾರನೆಯ ದಿನ ನಡೆದ ಪರೀಕ್ಷೆ ಎಷ್ಟು ಸುಲಭದ್ದು ಎಂದು ಜನಪ್ರತಿನಿಧಿಗಳು ಒಮ್ಮೆ ಕಣ್ಣಾರೆ ನೋಡಬೇಕು. ಎಡ ಕೊರಳೆಲುಬಿನ ಕೆಳಗೆ ಚರ್ಮದಡಿ ಉಬ್ಬಿಕೊಂಡಿರುವ ಯಂತ್ರದ ಮೇಲೆ, ವೈರು ತಗುಲಿಸಿದ ಅಂಗೈಯಗಲದ ಬಿಲ್ಲೆಯೊಂದನ್ನು ಇಟ್ಟರು. ಪ್ರೋಗ್ರಾಮರ್ ಎಂಬ ಲ್ಯಾಪ್‌ಟಾಪಿನಂಥ ಪೆಟ್ಟಿಗೆಯ ಪರದೆಯ ಮೇಲೆ ಹೃದಯದ ಬಡಿತ, ತಂತಿಗಳ ಸ್ಥಿತಿ, ಬ್ಯಾಟರಿಯ ಮಟ್ಟ ಎಲ್ಲ ಮೂಡಿದವು. ಸೂಜಿಯಿಲ್ಲ, ನೋವಿಲ್ಲ, ಕಾಲು ಗಂಟೆಯ ಕೆಲಸ. ಬ್ಯಾಟರಿ ಬದಲಿಸುವ ಹಂತಕ್ಕೆ ಬಂದಿತ್ತು. ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಲು ಯಂತ್ರ ಹೃದಯದ ಮೇಲಿನ ಕೋಣೆಯ ಕೆಲಸವನ್ನು ತಾನಾಗಿ ಕೈಬಿಟ್ಟು, ಕೆಳಗಿನ ಕೋಣೆಯನ್ನಷ್ಟೇ ಒಂದೇ ವೇಗದಲ್ಲಿ ನಡೆಸುತ್ತಿತ್ತು. ತಲೆಸುತ್ತು ಬಂದದ್ದು ಅದರಿಂದ. ಈ ಹಂತ ತಲುಪಿದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬದಲಿಸಲೇಬೇಕು.

ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಪೇಸ್‌ಮೇಕರನ್ನು ಓದುವುದಿಲ್ಲ, ನಿಜ. ಹಾಗೆಂದು ಜಿಲ್ಲಾಸ್ಪತ್ರೆ ಕೈಚೆಲ್ಲಿ ಕೂರಬೇಕೇ? ಪೇಸ್‌ಮೇಕರ್ ಮೇಲೆ ಬಳೆಯಾಕಾರದ ಆಯಸ್ಕಾಂತವೊಂದನ್ನು ಇಟ್ಟು ಇಸಿಜಿ ತೆಗೆದರೆ, ಯಂತ್ರ ನಿಗದಿತ ವೇಗದಲ್ಲಿ ಬಡಿಯತೊಡಗುತ್ತದೆ. ಆ ವೇಗ ಕಂಪನಿಯಿಂದ ಕಂಪನಿಗೆ ಬೇರೆ. ಬ್ಯಾಟರಿ ಇಳಿದಾಗ ಅದೂ ಬದಲಾಗುತ್ತದೆ. ಅದನ್ನು ನೋಡಿಯೇ ಬ್ಯಾಟರಿಯ ಸ್ಥಿತಿಯನ್ನು ಅಂದಾಜು ಮಾಡಬಹುದು. ಐಸಿಡಿ (ಅಪಾಯದ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಯಂತ್ರ) ಹಾಕಿಸಿಕೊಂಡವರಿಗೆ ತಂತಿ ಕೆಟ್ಟು ವಿನಾಕಾರಣ ಮೇಲಿಂದ ಮೇಲೆ ಶಾಕ್ ಹೊಡೆಯತೊಡಗಿದರೆ, ಆಸ್ಪತ್ರೆಯಲ್ಲಿ ಮಾನಿಟರ್ ಹಚ್ಚಿ ಅದನ್ನು ತಡೆಹಿಡಿಯಲೂ ಇದೇ ಆಯಸ್ಕಾಂತ ಬೇಕು. ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಘಟಕದಲ್ಲಿ ಇಂಥದೊಂದು ಆಯಸ್ಕಾಂತವನ್ನು ಇಟ್ಟುಕೊಳ್ಳದಿರುವುದು ನಾಚಿಕೆಗೇಡು. ತೋಟದ ಪಂಪ್‌ಸೆಟ್ ಕೆಟ್ಟರೆ ಹೋಬಳಿಯಲ್ಲೇ ನೋಡುವವರಿದ್ದಾರೆ, ಎದೆಯೊಳಗಿನ ಯಂತ್ರ ನೋಡಲು ಜಿಲ್ಲೆಯಲ್ಲಿ ಒಬ್ಬರೂ ಇಲ್ಲ!

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಹಾಕಿದವರಿಗೆ ಕಂಪನಿ, ಮಾಡೆಲ್, ಹಾಕಿದ ತಾರೀಖು ಇರುವ ಕಾರ್ಡೊಂದನ್ನು ಕೊಡುತ್ತಾರೆ. ಅದು ಯಾತಕ್ಕೆ ಎಂದು ಡಿಸ್ಚಾರ್ಜ್ ದಿನ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಎಷ್ಟೋ ಮನೆಗಳಲ್ಲಿ ಅದು ಹಳೆಯ ಬಿಲ್ಲುಗಳ ಜೊತೆ ಗೆದ್ದಲು ಹಿಡಿದಿದೆ. ಮೊಬೈಲನ್ನು ಯಂತ್ರದ ಮೇಲಿನ ಜೇಬಿನಲ್ಲಿ ಇಡಬಾರದು, ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ ಎಂದು ಹೇಳುವವರಿಲ್ಲ. ಎಂಆರ್‌ಐ ಮಾಡಿಸುವ ಮುಂಚೆ ಕಾರ್ಡು ತೋರಿಸಲೇಬೇಕು ಎಂದು ಹೇಳುವವರಿಲ್ಲ. ತೀರಿಕೊಂಡವರನ್ನು ಸುಡುವ ಮುನ್ನ ಯಂತ್ರವನ್ನು ತೆಗೆಸಬೇಕು, ಇಲ್ಲದಿದ್ದರೆ ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ ಎಂಬುದು ಎಷ್ಟು ಮನೆಯವರಿಗೆ ಗೊತ್ತಿದೆ? ಕನ್ನಡದಲ್ಲಿ ಒಂದು ಪುಟದ ಕರಪತ್ರ ಅಚ್ಚು ಹಾಕಿಸಿ ಕೈಗೆ ಕೊಡಲು ಯಾವ ಬಜೆಟ್ ಅಡ್ಡ ಬರುತ್ತದೆ?

ನಮ್ಮಲ್ಲಿ ಹೃದಯ ಅಂದರೆ ಎಲ್ಲರಿಗೂ ಹಾರ್ಟ್ ಅಟ್ಯಾಕ್ ಒಂದೇ ನೆನಪಾಗುತ್ತದೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಸರ್ಕಾರವೂ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಿದೆ. ಅದೇ ದಾರಿಯಲ್ಲಿ ಪೇಸ್‌ಮೇಕರ್ ಇರುವವರ ಇಸಿಜಿಯನ್ನೂ ಯಾಕೆ ಕಳಿಸಬಾರದು? ಅಟ್ಯಾಕ್ ಆದವರ ಜೀವಕ್ಕಿರುವ ಬೆಲೆ ಬಡಿತ ತಪ್ಪಿದವರ ಜೀವಕ್ಕಿಲ್ಲವೇ? ಬಡವರಿಗೆ ಪೇಸ್‌ಮೇಕರ್ ಹಾಕಿಸಲು ಆಯುಷ್ಮಾನ್ ಯೋಜನೆಯಲ್ಲಿ ಹಣವಿದೆ. ಹಾಕಿದ್ದು ಸರಿಯಾಗಿದೆಯೇ ಎಂದು ನೋಡಲು ಮಾತ್ರ ಅವರು ಕೂಲಿ ಬಿಟ್ಟು, ಸಾಲ ಮಾಡಿ ಬೆಂಗಳೂರಿನ ಬಸ್ಸು ಹತ್ತಬೇಕು. ನಾವೂ ಇದೇ ರಾಜ್ಯಕ್ಕೆ ತೆರಿಗೆ ಕಟ್ಟುವವರು. ಘಟ್ಟದ ಮಳೆಗಾಲದಲ್ಲಿ ರಸ್ತೆ ಕುಸಿದಾಗ ನಮ್ಮ ರೋಗಿಗಳ ಗತಿಯೇನು?

ಆರೋಗ್ಯ ಸಚಿವರು ಇದನ್ನು ಓದಿದರೆ ನಾನು ಕೇಳುವುದು ಇಷ್ಟೇ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ, ಎಲ್ಲ ಕಂಪನಿಯವರೂ ಅಂದು ತಮ್ಮ ಪ್ರೋಗ್ರಾಮರ್ ತರಬೇಕೆಂದು ಆದೇಶ ಹೊರಡಿಸಲಿ. ಸರ್ಕಾರದ ಹಣದಲ್ಲಿ ಯಂತ್ರ ಮಾರುವವರಿಗೆ ಅಷ್ಟು ಷರತ್ತು ಹಾಕುವ ಅಧಿಕಾರ ಸರ್ಕಾರಕ್ಕಿದೆ. ತುರ್ತು ವಿಭಾಗಗಳಲ್ಲಿ ಆಯಸ್ಕಾಂತವೂ ಅದನ್ನು ಬಳಸಬಲ್ಲ ವೈದ್ಯರೂ ಇರಲಿ. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು.

ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಕಾರ್ಡು ಹುಡುಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಸಲ ಚೆಕ್ ಮಾಡಿಸಿದ್ದು ಯಾವಾಗ ಎಂದು ಕೇಳಿ. ವರ್ಷ ದಾಟಿದ್ದರೆ ತಲೆಸುತ್ತು ಬರಲೆಂದು ಕಾಯಬೇಡಿ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮಲೆನಾಡು