ಹುಡುಗ ಸಿಕ್ಕಿಬಿದ್ದ, ಮಾಲು ಕೊಂಡವನೆಲ್ಲಿ?

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದರೆ ತೀರ್ಪು ಕೊಡಲು ಹತ್ತು ನಿಮಿಷ ಸಾಕು. ಯಾರದೋ ಜೇಬಿಗೆ ಕೈ ಹಾಕಿರುತ್ತಾನೆ, ಇಲ್ಲವೇ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ಚೀಲಕ್ಕೆ ತುಂಬಿಕೊಂಡು ಬಂದಿರುತ್ತಾನೆ. "ಹಿಡೀರಿ, ಬಿಡಬೇಡಿ" ಎಂಬ ಕೂಗಿಗೆ ಇಡೀ ಸ್ಟ್ಯಾಂಡು ಎದ್ದು ಬರುತ್ತದೆ. ಸೀಟಿಗಾಗಿ ಕಿಟಕಿಯಲ್ಲಿ ಟವೆಲ್ ಹಾಕಿ ನಿಂತವರೂ ಇಳಿದು ಬಂದು ಒಂದೊಂದು ಏಟು ಹಾಕಿ ಹೋಗುತ್ತಾರೆ. ಬಸ್ಸು ಹೊರಡುವ ಹೊತ್ತಾಗಿದ್ದರೆ ಏಟು ಸ್ವಲ್ಪ ಬೇಗ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಕಂಬಕ್ಕೆ ಕಟ್ಟಿದ ಹುಡುಗನ ಮುಖ ಮೊಬೈಲುಗಳಲ್ಲಿ ಊರೆಲ್ಲ ಸುತ್ತಿದ ಮೇಲೆ ಪೊಲೀಸ್ ಜೀಪು ಬರುತ್ತದೆ.

ಇಷ್ಟು ಜನರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳುವುದಿಲ್ಲ. ಈ ಹುಡುಗ ಆ ಕೇಬಲ್ಲನ್ನು ಯಾರಿಗೆ ಮಾರಲು ಹೊರಟಿದ್ದ?

ಹದಿನಾಲ್ಕು ವರ್ಷದ ಹುಡುಗ ತಾಮ್ರದ ತಂತಿ ತಿಂದು ಹೊಟ್ಟೆ ಹೊರೆಯುವುದಿಲ್ಲ ಸ್ವಾಮಿ. ಅದನ್ನು ಕೊಳ್ಳುವವನೊಬ್ಬ ಇದ್ದಾನೆ. ಗುಜರಿ ವ್ಯಾಪಾರವೆಲ್ಲ ಕಳ್ಳ ವ್ಯಾಪಾರವಲ್ಲ. ಹಳೇ ಪೇಪರು, ತುಕ್ಕು ಹಿಡಿದ ಕಬ್ಬಿಣ, ಒಡೆದ ಬಕೆಟ್ಟು ಕೊಂಡು ಮರ್ಯಾದೆಯಿಂದ ಬದುಕುವವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಮೇಲಿನ ಪ್ಲಾಸ್ಟಿಕ್ ಸುಟ್ಟು, ಇನ್ನೂ ಕಪ್ಪು ಮಸಿ ಮೆತ್ತಿಕೊಂಡಿರುವ ತಂತಿಯನ್ನು ಗೋಣಿಯಲ್ಲಿ ತರುವ ಪೋರ ಅದನ್ನು ಅಪ್ಪನ ಮನೆಯಿಂದ ತರಲಿಲ್ಲ ಎಂಬುದು ತಕ್ಕಡಿ ಹಿಡಿದವನಿಗೆ ಗೊತ್ತಾಗುವುದಿಲ್ಲವೇ? ಮೊದಲ ಸಲ ಅರ್ಧ ರೇಟಿಗೆ ಕೊಳ್ಳುತ್ತಾನೆ, ಬಿಲ್ಲಿಲ್ಲ, ಹೆಸರಿಲ್ಲ. ಎರಡನೇ ಸಲ ಟೀ ಕೊಡಿಸುತ್ತಾನೆ. ಮೂರನೇ ಸಲ "ಸ್ಟಾರ್ಟರ್ ಬಾಕ್ಸ್ ಸಿಕ್ರೆ ನೋಡೋ" ಅನ್ನುತ್ತಾನೆ. ಹುಡುಗ ಕಳ್ಳನಾದದ್ದು ಹೊಲದಲ್ಲಲ್ಲ, ಈ ಮೂರನೇ ಸಲದ ಮಾತಿನಲ್ಲಿ.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಂ ಪ್ರಕಾರ, ಅಪರಾಧ ಮಾಡಿಸಲು ಮಗುವನ್ನು ಹಿಡಿದುಹಾಕಿಕೊಂಡವನಿಗೆ ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಜೈಲು, ಜತೆಗೆ ದಂಡ. ಹುಡುಗ ಕದ್ದೇ ಬಿಟ್ಟರೆ ಆ ಕಳ್ಳತನ ತಾನೇ ಮಾಡಿದ ಲೆಕ್ಕಕ್ಕೆ ಸೇರುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 83ನೇ ಕಲಂ ಬೇರೆ ಇದೆ: ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿದ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂಪಾಯಿ ದಂಡ. ಮಗುವಿನ ಕೈಗೆ ಬೀಡಿ, ಗುಟ್ಕಾ, ಹೆಂಡ ಕೊಟ್ಟವನಿಗೂ 77ನೇ ಕಲಂನಲ್ಲಿ 7 ವರ್ಷದವರೆಗೆ ಜೈಲಿದೆ. ಪಾನ್ ಅಂಗಡಿಯವರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಮತ್ತೆ ಮಾಲು ಕೊಂಡವನು ಹೇಗೆ ತಪ್ಪಿಸಿಕೊಳ್ಳುತ್ತಾನೆ? ಇದರಲ್ಲೊಂದು ತಮಾಷೆಯಿದೆ. 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳ ಪ್ರಕಾರ, ಹುಡುಗ ಮಾಡಿದ್ದು ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜತೆ ಸೇರಿ ಮಾಡದಿದ್ದರೆ, ಎಫ್‌ಐಆರ್ ಹಾಕುವ ಹಾಗಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆಯ ಹಿನ್ನೆಲೆಯ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಮಕ್ಕಳ ಹಣೆಗೆ ಕಳ್ಳನೆಂಬ ಹಚ್ಚೆ ಬೀಳದಿರಲಿ ಎಂದು ಮಾಡಿದ ನಿಯಮ, ಒಳ್ಳೆಯದೇ. ಆದರೆ ದೊಡ್ಡವನೊಬ್ಬ ಜತೆಗಿದ್ದ ಎಂದು ಬರೆದರೆ ಎಫ್‌ಐಆರ್ ಆಗಬೇಕು, ತನಿಖೆ ನಡೆಯಬೇಕು, ಗೋದಾಮು ಹುಡುಕಬೇಕು, ಸಾಕ್ಷಿ ಹಿಡಿಯಬೇಕು. ಹುಡುಗ ಒಬ್ಬನೇ ಎಂದು ಬರೆದರೆ ಅರ್ಧ ಪುಟದಲ್ಲಿ ಮುಗಿಯಿತು. ಬಂದೋಬಸ್ತು, ಜಾತ್ರೆ, ಮಂತ್ರಿಗಳ ಪ್ರವಾಸ ಎಂದು ಓಡಾಡುವ ಠಾಣೆಗೆ ಯಾವುದು ಹಗುರವೆಂದು ಹೇಳಬೇಕಾಗಿಲ್ಲ.

ಠಾಣೆಯೊಂದನ್ನೇ ಬೈದರೆ ಅನ್ಯಾಯ. ಹುಡುಗ ಬಸ್ ಸ್ಟ್ಯಾಂಡಿಗೆ ಬಂದು ಸೇರುವ ಮೊದಲು ಶಾಲೆಯ ಹಾಜರಿ ಪುಸ್ತಕದಲ್ಲಿದ್ದ. ವಾರಕ್ಕೆ ಒಂದು ದಿನ ತಪ್ಪಿಸಿದ, ಆಮೇಲೆ ಮೂರು ದಿನ, ಆಮೇಲೆ ಬರಲೇ ಇಲ್ಲ. ಯಾವ ಹುಡುಗ ಜಾರುತ್ತಿದ್ದಾನೆಂದು ಕ್ಲಾಸ್ ಮೇಷ್ಟ್ರಿಗೆ ಗೊತ್ತಿರುತ್ತದೆ. ಪೊಲೀಸರಿಗಿಂತ ಎಷ್ಟೋ ತಿಂಗಳು ಮೊದಲೇ ಗೊತ್ತಿರುತ್ತದೆ. ಆದರೆ ಮೇಷ್ಟ್ರಿಗೆ ಜನಗಣತಿ, ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ. ಮನೆಗೆ ಹೋಗಿ "ಯಾಕಮ್ಮ, ಮಗ ಬರ್ತಿಲ್ಲ" ಎಂದು ಕೇಳಲು ಪುರುಸೊತ್ತಿಲ್ಲ. ಕೇಳಬೇಕಾದ ಎಸ್‌ಡಿಎಂಸಿ ಸದಸ್ಯರು, ತಾವೂ ಅದೇ ಶಾಲೆಯ ಮಕ್ಕಳ ತಂದೆತಾಯಿಯರೇ, ಸಭೆಯ ಪುಸ್ತಕಕ್ಕೆ ಮನೆಯಲ್ಲೇ ಕೂತು ಸಹಿ ಹಾಕಿ ಕಳಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರದು. ಎಂಟನೇ ಕ್ಲಾಸು ದಾಟಿದ ಹುಡುಗ ಒಂಬತ್ತಕ್ಕೆ ಹೋಗದಿದ್ದರೆ ಆ ಕಾಯ್ದೆ ಕೈ ತೊಳೆದುಕೊಳ್ಳುತ್ತದೆ. ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಮಧ್ಯಾಹ್ನದ ಬಿಸಿಯೂಟವಿದೆ. ಶಾಲೆ ಬಿಟ್ಟವನಿಗೆ ಅದೂ ತಪ್ಪಿತು. ಮಧ್ಯಾಹ್ನ ಒಂದೂವರೆಗೆ ಹಸಿವಾದ ಹುಡುಗ ಎಲ್ಲಿ ಸುಳಿಯುತ್ತಾನೆ? ಹೋಟೆಲು, ಸಂತೆ, ಬಸ್ ಸ್ಟ್ಯಾಂಡು.

ಈ ಮಕ್ಕಳಿಗೆ ಬೇರೆ ನ್ಯಾಯ ಯಾಕೆ ಎಂದು ಕೇಳುವವರಿದ್ದಾರೆ. ಒಂದು ಕಾಲಕ್ಕೆ ಬೇರೆ ನ್ಯಾಯ ಎಲ್ಲ ಕಡೆ ಇರಲಿಲ್ಲ. ಮೈಸೂರು ರಾಜ್ಯ 1964ರಲ್ಲೇ ತನ್ನ ಮಕ್ಕಳ ಕಾಯ್ದೆ ಮಾಡಿತ್ತು, ಆದರೆ ದೇಶದ ಬೇರೆ ಬೇರೆ ಕಡೆ ಮಕ್ಕಳು ದೊಡ್ಡ ಕೈದಿಗಳ ಜತೆ ಜೈಲಿನಲ್ಲೇ ಇದ್ದರು. ಪತ್ರಕರ್ತೆ ಶೀಲಾ ಬರ್ಸೆ ಅವರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಮಕ್ಕಳನ್ನು ಜೈಲಿನಲ್ಲಿ ಇಡಬಾರದೆಂದು 1986ರಲ್ಲಿ ಕೋರ್ಟು ಹೇಳಿತು. ಬಾಲ ನ್ಯಾಯ ಕಾಯ್ದೆ ಬಂದದ್ದೂ ಅದೇ ವರ್ಷ. ಅದು 2000ದಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಬದಲಾಯಿತು. ದೊಡ್ಡವರ ಜತೆ ಬೀಗದೊಳಗೆ ಕೂತ ಹುಡುಗ ಅಲ್ಲಿ ಕಲಿಯುವುದೇನೆಂದು ಯಾರಿಗಾದರೂ ಗೊತ್ತು. ಹೊರಗೆ ಬರುವಾಗ ಅವನಿಗೆ ಗುಜರಿಯವನ ಸಹವಾಸವೇ ಬೇಡ, ಅದಕ್ಕಿಂತ ದೊಡ್ಡ ಗುರುಗಳು ಸಿಕ್ಕಿರುತ್ತಾರೆ.

ಈಗಿರುವ ಕ್ರಮ ಹೀಗೆ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಹುಡುಗನಿಗೆ ಕೋಳ ಹಾಕುವಂತಿಲ್ಲ, ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರು ಮಾಡಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಎರಡು ವಾರದೊಳಗೆ ಪರಿವೀಕ್ಷಣಾಧಿಕಾರಿ ಹುಡುಗನ ಮನೆ, ಶಾಲೆ, ಸಹವಾಸ ವಿಚಾರಿಸಿ ವರದಿ ಕೊಡಬೇಕು. ಇಡೀ ಫೈಲಿನಲ್ಲಿ ಬೆಲೆ ಬಾಳುವ ಕಾಗದ ಇದೊಂದೇ. ಅಪ್ಪ ಕುಡಿದು ಹೊಡೆಯುತ್ತಾನೆಯೇ, ಶಾಲೆ ಬಿಟ್ಟದ್ದು ಯಾವಾಗ, ಯಾರ ಅಂಗಡಿಗೆ ಮಾಲು ಹೋಗುತ್ತಿತ್ತು ಎಂಬುದೆಲ್ಲ ಅಲ್ಲೇ ಹೊರಬೀಳಬೇಕು. ಅಧಿಕಾರಿ ಕೇರಿಗೆ ಕಾಲಿಡದೆ ಆಫೀಸಿನಲ್ಲೇ ನಾಲ್ಕು ಸಾಲು ಗೀಚಿದರೆ ಹುಡುಗ ಬಂದ ದಾರಿಯಲ್ಲೇ ವಾಪಸ್.

ಹದಿನಾರು ದಾಟಿದವರ ಮಾತು ಬೇರೆ. 2012ರ ದೆಹಲಿ ಪ್ರಕರಣದ ನಂತರ ಎದ್ದ ಸಿಟ್ಟಿನಲ್ಲಿ, ಘೋರ ಅಪರಾಧ ಮಾಡಿದ 16ರಿಂದ 18ರವರನ್ನು ಪರೀಕ್ಷಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಲು 2015ರ ಕಾಯ್ದೆ ದಾರಿ ಮಾಡಿತು. ಅದು ಕೊಲೆ, ಅತ್ಯಾಚಾರದಂಥ ಪ್ರಕರಣಗಳಿಗೆ. ಕೇಬಲ್ ಕದ್ದವನಿಗೆ ಅದನ್ನು ಹೇಳಿ ಹೆದರಿಸುವುದು ಬೇಡ.

ಅಂಗಡಿಯವರ ಸಿಟ್ಟೂ ಸುಳ್ಳಲ್ಲ. "ಕಾನೂನು ಅವನಿಗೆ ಅಯ್ಯೋ ಅಂತದೆ, ನಮ್ಮ ಗಲ್ಲಾಪೆಟ್ಟಿಗೆಯಿಂದ ಹೋದ ದುಡ್ಡಿಗೆ ಯಾರು ಅಯ್ಯೋ ಅಂತಾರೆ?" ಎಂದು ಕೇಳುವುದರಲ್ಲಿ ನ್ಯಾಯವಿದೆ. ಬಡ್ಡಿಗೆ ತಂದ ದುಡ್ಡಿನಲ್ಲಿ ಮಾಲು ಹಾಕಿದವನಿಗೆ ಒಂದು ಮೊಬೈಲು ಹೋದರೂ ತಿಂಗಳ ಲಾಭ ಹೋದ ಹಾಗೆ. ಆದರೆ ಹುಡುಗನ ಬೆನ್ನು ಮುರಿದರೆ ಮೊಬೈಲು ವಾಪಸ್ ಬಂದ ಉದಾಹರಣೆ ಇದೆಯೇ? ಏಟು ಹಾಕಿದವನ ಮೇಲೇ ಕೇಸು ಬೀಳುತ್ತದೆ. ವಿಚಾರಣೆಯಲ್ಲಿರುವ ಹುಡುಗನ ಗುರುತು ಬಯಲು ಮಾಡಿದರೆ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದು ಪತ್ರಿಕೆಗೂ ಸೇರಿದ ಮಾತು. ಹಿಡಿದವರು ಹುಡುಗನನ್ನು ನೆರಳಲ್ಲಿ ಕೂರಿಸಿ ಠಾಣೆಗೋ 1098ಕ್ಕೋ ಫೋನ್ ಮಾಡಿ, ಮಾಲು ಎಲ್ಲಿಗೆ ಹೋಗುತ್ತಿತ್ತೆಂದು ದೂರಿನಲ್ಲೇ ಬರೆಸಲಿ. ಬರೆಸಿದ ಮೇಲೆ ಅರ್ಧ ಪುಟದಲ್ಲಿ ಮುಗಿಸುವುದು ಕಷ್ಟ.

ವರ್ತಕರ ಸಂಘದವರು ರಸ್ತೆ ಅಗಲೀಕರಣಕ್ಕೆ, ಪಾರ್ಕಿಂಗಿಗೆ ಡಿಸಿ ಕಚೇರಿ ಮುಂದೆ ನಿಲ್ಲುತ್ತಾರೆ. ಈ ವಿಷಯಕ್ಕೂ ಒಂದು ಸಲ ನಿಲ್ಲಲಿ. ಗುಜರಿ ಅಂಗಡಿಗೂ ಉದ್ದಿಮೆ ಪರವಾನಗಿ ಕೊಡುವುದು ನಗರಸಭೆಯೇ. ಯಾರಿಂದ, ಯಾವತ್ತು, ಎಷ್ಟು ತೂಕ ಕೊಂಡರೆಂದು ಹೆಸರು ವಿಳಾಸ ಬರೆದ ಖರೀದಿ ಪುಸ್ತಕ ಇರಬೇಕು, ಹದಿನೆಂಟರೊಳಗಿನವರಿಂದ ಲೋಹ, ಮೋಟಾರು, ಮೊಬೈಲು ಕೊಳ್ಳಬಾರದು ಎಂದು ಷರತ್ತು ಹಾಕಿಸಲಿ. ಪುಸ್ತಕ ತೋರಿಸದವನ ಪರವಾನಗಿ ನವೀಕರಣ ನಿಲ್ಲಲಿ. ಇದಕ್ಕೆ ದೆಹಲಿಯ ಅಪ್ಪಣೆ ಬೇಡ, ಬೆಂಗಳೂರಿನ ಕಮಿಟಿ ಬೇಡ. ನಗರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮಾತು ಎತ್ತಲು ಒಬ್ಬ ಸದಸ್ಯ ಸಾಕು. ಆ ಸದಸ್ಯ ಯಾವ ವಾರ್ಡಿನವರು ಎಂಬುದನ್ನು ಊರು ನೋಡಬೇಕಾಗಿದೆ.