ಕಾಂತದ ಕೊಂಡಿಯ ಆಭರಣ: ಅನುಕೂಲದೊಡನೆ ಎಚ್ಚರಿಕೆಯನ್ನೂ ನೀಡಬೇಕು

ಅಕ್ಕಸಾಲಿಗರ ಪೆಟ್ಟಿಗೆಯಲ್ಲಿ ಸೂಜಿಗಲ್ಲು ಹೊಸ ವಸ್ತುವೇನಲ್ಲ. ಅರದಿಂದ ಉದುರಿದ ಚಿನ್ನದ ಪುಡಿಯಲ್ಲಿ ಬೆರೆತ ಕಬ್ಬಿಣದ ಚೂರುಗಳನ್ನು ಆರಿಸಿ ತೆಗೆಯಲು ಅದು ಬಳಕೆಯಾಗುತ್ತ ಬಂದಿದೆ. ಚಿನ್ನದಿಂದ ಕಬ್ಬಿಣವನ್ನು ಬೇರ್ಪಡಿಸುತ್ತಿದ್ದ ಆ ವಸ್ತುವೇ ಇಂದು ಆಭರಣದ ಒಳಗೆ ಸ್ಥಾನ ಪಡೆದಿದೆ. ಮುತ್ತಿನ ಸರ, ಮಣಿಸರ, ತೆಳುವಾದ ಬ್ರೇಸ್‌ಲೆಟ್, ಒನ್ ಗ್ರಾಂ ಗೋಲ್ಡ್ ಎಂದು ಕರೆಯಲಾಗುವ ಲೇಪನದ ಆಭರಣ ಇವೆಲ್ಲಕ್ಕೂ ತಿರುಪು ಮತ್ತು ಕೊಕ್ಕೆಗಳ ಬದಲು ಕಾಂತದ ಕೊಂಡಿ ಅಳವಡಿಸುವ ಪದ್ಧತಿ ಬಂದಿದೆ. ಈ ಬದಲಾವಣೆ ಸ್ವಾಗತಾರ್ಹವೇ. ಆದರೆ ಇದರೊಡನೆ ಬರುವ ಹೊಣೆಗಾರಿಕೆಯನ್ನು ತಯಾರಕರು ಮತ್ತು ವರ್ತಕರು ಇನ್ನೂ ಪೂರ್ಣವಾಗಿ ಮನಗಂಡಂತೆ ಕಾಣುವುದಿಲ್ಲ.

ಬೇಡಿಕೆ ನಿಜವಾದದ್ದು

ಕತ್ತಿನ ಹಿಂದೆ ಕೈಯಿಟ್ಟು, ಕಣ್ಣಿಗೆ ಕಾಣದ ಪುಟ್ಟ ಕೊಕ್ಕೆಯನ್ನು ಸಣ್ಣ ಬಳೆಯೊಳಗೆ ತೂರಿಸುವುದು ಸಂಧಿವಾತದಿಂದ ಬೆರಳು ಬಿಗಿದವರಿಗೆ ದೊಡ್ಡ ಕೆಲಸ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಸರ ಹಾಕಿಸಿಕೊಳ್ಳಲು ನೆರೆಮನೆಯವರನ್ನು ಕರೆಯಬೇಕಾಗುತ್ತದೆ, ಇಲ್ಲವೇ ಸರವನ್ನು ಪೆಟ್ಟಿಗೆಯಲ್ಲಿಯೇ ಬಿಡಬೇಕಾಗುತ್ತದೆ. ಅಂಥವರಿಗೆ ಹತ್ತಿರ ತಂದೊಡನೆ ತಾನಾಗಿ ಕೂಡಿಕೊಳ್ಳುವ ಕೊಂಡಿ ಒಂದು ವರವೇ ಸರಿ. ಸರ ಎಲ್ಲಿಯಾದರೂ ಸಿಕ್ಕಿಕೊಂಡಾಗ ಕತ್ತನ್ನು ಬಿಗಿಯದೆ ಬಿಟ್ಟುಕೊಳ್ಳುವುದೂ ಇದರ ಒಂದು ಗುಣ. ಹಿರಿಯರ ಸಂಖ್ಯೆ ಹೆಚ್ಚುತ್ತಿರುವ ಸಮಾಜದಲ್ಲಿ ಈ ಮಾರುಕಟ್ಟೆ ಬೆಳೆಯುವುದು ಸಹಜ.

ಇಷ್ಟು ಸಣ್ಣ ಕೊಂಡಿಗೆ ಇಷ್ಟು ಬಲ ಬಂದಿರುವುದು ನಿಯೋಡಿಮಿಯಮ್, ಕಬ್ಬಿಣ ಮತ್ತು ಬೋರಾನ್ ಸೇರಿದ ಕಾಂತದಿಂದ. 1980ರ ದಶಕದ ಮೊದಲ ಭಾಗದಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಪ್ರತ್ಯೇಕವಾಗಿ ರೂಪುಗೊಂಡ ಈ ಕಾಂತ ಹಳೆಯ ಫೆರೈಟ್ ಕಾಂತಕ್ಕಿಂತ ಅನೇಕ ಪಟ್ಟು ಶಕ್ತಿಯುತವಾದುದು. ಇದರ ದೌರ್ಬಲ್ಯಗಳೂ ಅಷ್ಟೇ ಸ್ಪಷ್ಟವಾಗಿವೆ.

ಕಾರ್ಯಾಗಾರದಲ್ಲಿ ತಿಳಿದಿರಬೇಕಾದದ್ದು

ಮೊದಲನೆಯದು ಹಿಡಿತದ ದಿಕ್ಕು. ಎರಡು ಕಾಂತಗಳನ್ನು ನೇರವಾಗಿ ಎಳೆದು ಬಿಡಿಸಲು ಬೇಕಾಗುವ ಬಲಕ್ಕಿಂತ ಪಕ್ಕಕ್ಕೆ ಜಾರಿಸಿ ಬಿಡಿಸಲು ಬೇಕಾಗುವ ಬಲ ಬಹಳ ಕಡಿಮೆ. ನೇರ ಎಳೆತದ ಪರೀಕ್ಷೆಯಲ್ಲಿ ಗೆದ್ದ ಕೊಂಡಿ, ಬಸ್ಸಿನ ನೂಕುನುಗ್ಗಲಿನಲ್ಲಿ ಸೆರಗು ತಾಗಿದ ಮಾತ್ರಕ್ಕೆ ಜಾರಿಬಿಡಬಹುದು. 10 ಗ್ರಾಂ ಚಿನ್ನದ ಬೆಲೆ 2025ರಲ್ಲಿ ಒಂದು ಲಕ್ಷ ರೂಪಾಯಿಯ ಗಡಿ ದಾಟಿತು. ಇಂಥ ಕಾಲದಲ್ಲಿ ಜಾರಿದ ಸರ ಸಣ್ಣ ನಷ್ಟವಲ್ಲ. ಒಂದು ಭಾಗ ಇನ್ನೊಂದರ ಗುಳಿಯೊಳಗೆ ಕೂರುವಂತೆ ಮಾಡುವುದು, ಮೇಲೊಂದು ಮಡಚುವ ಚಿಲಕ ಇಡುವುದು, ಇಲ್ಲವೇ ಸಣ್ಣ ರಕ್ಷಣಾ ಸರಪಳಿ ಜೋಡಿಸುವುದು ಇದಕ್ಕೆ ಪರಿಹಾರ. ಭಾರವಾದ ಸರಕ್ಕೆ ಬರಿಯ ಕಾಂತದ ಕೊಂಡಿಯನ್ನು ನೆಚ್ಚುವುದು ತರವಲ್ಲ.

ಎರಡನೆಯದು ಶಾಖ. ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಕಾಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಸುಮಾರು 310 ಡಿಗ್ರಿಯಲ್ಲಿ ಪೂರ್ಣವಾಗಿ ನಿಸ್ಸತ್ವವಾಗುತ್ತದೆ. ಚಿನ್ನದ ಬೆಸುಗೆಗೆ ಬೇಕಾಗುವ ಶಾಖ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದಲೇ ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆ ಕಾಂತವನ್ನು ಅಂಟಿನಿಂದ ಕೂರಿಸಲಾಗುತ್ತದೆ. ಈ ಸಂಗತಿ ಅರಿಯದ ಊರಿನ ಅಕ್ಕಸಾಲಿಗ ತುಂಡಾದ ಸರವನ್ನು ದುರಸ್ತಿ ಮಾಡಲು ಕೊಂಡಿಯ ಬಳಿ ಉರಿ ಹಿಡಿದರೆ ಕೊಂಡಿ ಕೆಡುತ್ತದೆ, ದೂರು ಮಾತ್ರ ಮಾರಿದ ಅಂಗಡಿಗೆ ಬರುತ್ತದೆ. ಆವಿಯಿಂದ ತೊಳೆಯುವಾಗಲೂ ಇದೇ ಎಚ್ಚರ ಬೇಕು.

ಮೂರನೆಯದು ತುಕ್ಕು. ಈ ಕಾಂತದಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ ಆದುದರಿಂದ ಅದನ್ನು ಸಾಮಾನ್ಯವಾಗಿ ನಿಕ್ಕೆಲ್ ಲೇಪನದಿಂದ ಕಾಪಾಡಲಾಗುತ್ತದೆ. ಲೇಪನ ಸೀಳಿದರೆ ಬೆವರು ಮತ್ತು ಉಪ್ಪುಗಾಳಿ ಒಳಗಿಳಿಯುತ್ತವೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಇದು ಬೇಗ ಆಗುವ ಸಂಗತಿ. ನಿಕ್ಕೆಲ್ ಒಗ್ಗದವರ ಚರ್ಮದಲ್ಲಿ ತುರಿಕೆಯೂ ಕಾಣಿಸಿಕೊಳ್ಳುತ್ತದೆ. ಕಾಂತವನ್ನು ಲೋಹದ ಗೂಡಿನೊಳಗೆ ಪೂರ್ತಿಯಾಗಿ ಮುಚ್ಚುವುದು ತುಸು ಖರ್ಚಿನ ಕೆಲಸವಾದರೂ ತುಕ್ಕು, ತುರಿಕೆ, ಅಂಟು ಬಿಟ್ಟು ಕಾಂತ ಉದುರುವುದು ಈ ಮೂರನ್ನೂ ಒಮ್ಮೆಗೇ ತಡೆಯುತ್ತದೆ.

ಜೀವಕ್ಕೆ ಸಂಬಂಧಿಸಿದ ಎರಡು ಸಂಗತಿಗಳು

ಮೇಲಿನವು ಹಣದ ನಷ್ಟದ ಮಾತಾದರೆ ಮುಂದಿನವು ಪ್ರಾಣದ ಮಾತು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಲ್ಲಿ ಆ ಉಪಕರಣ ಬಹುಮಟ್ಟಿಗೆ ಕೊರಳೆಲುಬಿನ ಕೆಳಗೆ, ಅಂದರೆ ಸರ ಇಳಿಬೀಳುವ ಜಾಗದ ಬಳಿಯಲ್ಲಿಯೇ ಇರುತ್ತದೆ. ಕಾಂತ ತೀರ ಹತ್ತಿರ ಬಂದಾಗ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಗಮನಿಸದೆ ನಿಗದಿತ ಗತಿಯಲ್ಲಿ ನಡೆಯತೊಡಗಬಹುದು. ಅಪಾಯದ ಬಡಿತವನ್ನು ವಿದ್ಯುದಾಘಾತದಿಂದ ಸರಿಪಡಿಸುವ ಉಪಕರಣವಾದರೆ ಕಾಂತ ಬಳಿಯಿರುವಷ್ಟು ಹೊತ್ತು ಆ ರಕ್ಷಣೆಯೇ ನಿಂತುಹೋಗಬಹುದು. ಸಣ್ಣ ಕಾಂತದ ಪ್ರಭಾವ ದೂರ ಹೋದಂತೆ ಬೇಗನೆ ಕುಗ್ಗುತ್ತದೆ ಎಂಬುದು ನಿಜ. ಆದರೆ ಕೊಂಡಿಯನ್ನು ಎದೆಯ ಮೇಲೆ ಕೂಡಿಸಿ ಹಿಂದಕ್ಕೆ ತಿರುಗಿಸುವ ಅಭ್ಯಾಸವಿದೆ. ಮಲಗಿದಾಗ ಅದು ಮುಂದಕ್ಕೆ ಜಾರುವುದೂ ಉಂಟು. ಬ್ರೇಸ್‌ಲೆಟ್ ತೊಟ್ಟ ಕೈ ಎದೆಯ ಮೇಲೆ ಬರುವುದಂತೂ ನಿತ್ಯದ ಸಂಗತಿ. ಬಲವಾದ ಕಾಂತವಿರುವ ಮೊಬೈಲ್ ಮತ್ತು ಕೈಗಡಿಯಾರಗಳನ್ನು ಇಂಥ ಉಪಕರಣಗಳಿಂದ 6 ಅಂಗುಲ ದೂರವಿಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಸಲಹೆ ನೀಡಿತು. ಆಭರಣಕ್ಕೂ ಅದೇ ಎಚ್ಚರ ಒಪ್ಪುತ್ತದೆ. ವಿಪರ್ಯಾಸವೆಂದರೆ ಕಾಂತದ ಕೊಂಡಿ ಯಾರಿಗೆ ಹೆಚ್ಚು ಅನುಕೂಲವೋ ಆ ಹಿರಿಯರಲ್ಲಿಯೇ ಇಂಥ ಉಪಕರಣ ಉಳ್ಳವರೂ ಹೆಚ್ಚು.

ಎರಡನೆಯ ಅಪಾಯ ಮಕ್ಕಳಿಗೆ. ಅಂಟು ಬಿಟ್ಟು ಉದುರಿದ ಎರಡು ಕಾಂತಗಳನ್ನು ಮಗು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುತ್ತುಗಳಿಂದ ಒಂದನ್ನೊಂದು ಸೆಳೆದು ನಡುವಿನ ಗೋಡೆಯನ್ನು ಅದುಮುತ್ತವೆ. ರಕ್ತಸಂಚಾರ ನಿಂತು ಕರುಳು ತೂತಾಗಬಹುದು, ಪ್ರಾಣವೂ ಹೋಗಬಹುದು. ಅಮೆರಿಕವು 2022ರಲ್ಲಿ ಜಾರಿಗೆ ತಂದ ನಿಯಮವು ಬಿಡಿ ಕಾಂತಗಳುಳ್ಳ ಆಟದ ಸಾಮಗ್ರಿಗಳ ಜೊತೆಗೆ ಆಭರಣಗಳನ್ನೂ ಒಳಗೊಂಡಿದೆ. ರಫ್ತಿನ ಕಡೆ ಕಣ್ಣಿಟ್ಟಿರುವ ಸಣ್ಣ ತಯಾರಕರು ಇದನ್ನು ಲಕ್ಷ್ಯದಲ್ಲಿಡಬೇಕು.

ಬಿಲ್ಲಿನಲ್ಲಿ ಸ್ಪಷ್ಟತೆ

ಚಿನ್ನ ಕಾಂತಕ್ಕೆ ಅಂಟುವುದಿಲ್ಲ ಎಂಬುದು ಸಾಮಾನ್ಯ ಗ್ರಾಹಕರಿಗೂ ಗೊತ್ತಿರುವ ಪರೀಕ್ಷೆ. ಮನೆಗೆ ಹೋಗಿ ಸರವನ್ನು ಕಬ್ಬಿಣದ ಬೀರುವಿನಲ್ಲಿಟ್ಟಾಗ ಅದರ ಕೊಂಡಿ ಬಾಗಿಲಿಗೆ ಅಂಟಿಕೊಂಡರೆ, ಮೊದಲೇ ತಿಳಿಸದ ವರ್ತಕನ ಮೇಲೆ ಅನುಮಾನ ಬಾರದಿರುವುದೇ? ಹಾಲ್‌ಮಾರ್ಕ್ ಮಾಡಿದ ಆಭರಣದ ಬಿಲ್ಲಿನಲ್ಲಿ ಅಮೂಲ್ಯ ಲೋಹದ ನಿವ್ವಳ ತೂಕವನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂಬ ನಿಯಮವಿದೆ. 10 ಗ್ರಾಂಗೆ ಒಂದು ಲಕ್ಷದ ದರದಲ್ಲಿ ಅರ್ಧ ಗ್ರಾಂ ಕಾಂತವನ್ನು ಚಿನ್ನವೆಂದು ತೂಗಿದರೂ ಗ್ರಾಹಕನಿಗೆ 5,000 ರೂಪಾಯಿ ನಷ್ಟ. ಆಭರಣ ಗಿರವಿಗೋ ವಿನಿಮಯಕ್ಕೋ ಹೋದ ದಿನ ಈ ಲೆಕ್ಕ ಹೊರಬೀಳುತ್ತದೆ, ಅಂಗಡಿಯ ಹೆಸರೂ ಅಂದೇ ಕೆಡುತ್ತದೆ.

2020ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯು, ಹಾನಿ ತಪ್ಪಿಸಲು ಬೇಕಾದ ಸೂಚನೆ ಮತ್ತು ಎಚ್ಚರಿಕೆ ನೀಡದಿರುವುದನ್ನೂ ಉತ್ಪನ್ನ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿದೆ. ಹೀಗಾಗಿ ಮೌನವೂ ಅಪಾಯಕರವೇ. ಕಾಂತದ ಬ್ರೇಸ್‌ಲೆಟ್ ರಕ್ತದೊತ್ತಡ ಇಳಿಸುತ್ತದೆ, ನೋವು ಗುಣಪಡಿಸುತ್ತದೆ ಎಂಬ ಜಾಹೀರಾತುಗಳಿಂದಲಂತೂ ದೂರವಿರುವುದೇ ಲೇಸು. ಅಂಥ ಪ್ರಚಾರಕ್ಕೆ ದೃಢವಾದ ವೈದ್ಯಕೀಯ ಆಧಾರವಿಲ್ಲ.

ಮಾಡಬೇಕಾದದ್ದು

ಎಚ್ಚರಿಕೆಯ ಮಾತು ಆಡಿದರೆ ಗ್ರಾಹಕ ಹಿಂಜರಿಯುತ್ತಾನೆ ಎಂಬ ವಾದ ವರ್ತಕರಲ್ಲಿದೆ. ಈ ಅಳುಕು ಅರ್ಥವಾಗುವಂಥದೇ. ಆದರೆ ಪೇಸ್‌ಮೇಕರ್ ಇರುವ ಒಬ್ಬ ಹಿರಿಯರಿಗೆ ಕಾಂತದ ಕೊಂಡಿ ಬೇಡವೆಂದು ಹೇಳಿ ಬೇರೆ ಕೊಂಡಿ ಹಾಕಿಕೊಟ್ಟ ಅಂಗಡಿಗೆ ಆ ಮನೆಯವರೆಲ್ಲ ಗಿರಾಕಿಗಳಾಗುತ್ತಾರೆ. ಮುಂದಿನ ಮದುವೆಯ ಒಡವೆಗೂ ಅವರು ಅಲ್ಲಿಗೇ ಬರುತ್ತಾರೆ.

ಬೇಕಾಗಿರುವುದು ದೊಡ್ಡ ಬಂಡವಾಳವೇನಲ್ಲ. ಮಾರುವ ಮುನ್ನ ಎರಡು ಪ್ರಶ್ನೆ: ಧರಿಸುವವರಿಗೆ ಅಥವಾ ಅವರೊಡನೆ ಇರುವವರಿಗೆ ಹೃದಯದ ಉಪಕರಣ ಇದೆಯೇ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ? ಬಿಲ್ಲಿನಲ್ಲಿ ಒಂದು ಸಾಲು: ಕೊಂಡಿಯಲ್ಲಿ ಕಾಂತವಿದೆ, ಅದರ ತೂಕ ಚಿನ್ನದ ತೂಕದಲ್ಲಿ ಸೇರಿಲ್ಲ. ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ: ಎಂ.ಆರ್.ಐ. ಪರೀಕ್ಷೆಗೆ ಮುನ್ನ ತೆಗೆಯಿರಿ, ಉರಿ ತಾಗಿಸಬೇಡಿ, ಕೊಂಡಿ ಸಡಿಲವಾದರೆ ತಂದು ತೋರಿಸಿ. ತಯಾರಕರು ಪ್ರತಿ ಮಾದರಿಯನ್ನು ನೇರವಾಗಿಯಲ್ಲದೆ ಪಕ್ಕಕ್ಕೂ ಎಳೆದು ಪರೀಕ್ಷಿಸಬೇಕು. ಆಭರಣ ವರ್ತಕರ ಸಂಘಗಳು ಒಂದೇ ನಮೂನೆಯ ಚೀಟಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಚಿಕ್ಕ ಅಂಗಡಿಯವರಿಗೂ ಖರ್ಚು ಹೊರೆಯಾಗದು.

ಸರ್ಕಾರ ಆದೇಶ ಹೊರಡಿಸಿದ ಮೇಲೆ ಎಚ್ಚೆತ್ತುಕೊಳ್ಳುವ ಬದಲು ವ್ಯಾಪಾರಿ ಸಮುದಾಯವೇ ಮುಂದಾಗಿ ಈ ಕ್ರಮ ಕೈಗೊಳ್ಳುವುದು ಉಚಿತ. ಹೇಳಬೇಕಾದುದನ್ನು ಹೇಳಿ ಮಾರಿದ ಒಡವೆಯ ಬಗ್ಗೆ ನಾಳೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.