ಸೋತವರೂ ಕುಣಿದ ಆ ಭಾನುವಾರ

2012ರ ಮೇ 13ರಂದು ಮ್ಯಾಂಚೆಸ್ಟರಿನ ಎತಿಹಾದ್ ಕ್ರೀಡಾಂಗಣದಲ್ಲಿ ನಡೆದ ಪಂದ್ಯದ ಫಲಿತಾಂಶವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಮ್ಯಾಂಚೆಸ್ಟರ್ ಸಿಟಿ 3, ಕ್ವೀನ್ಸ್ ಪಾರ್ಕ್ ರೇಂಜರ್ಸ್ 2. ಅಗ್ರಸ್ಥಾನದಲ್ಲಿದ್ದ ತಂಡವೊಂದು ಕೆಳಗಿನಿಂದ ನಾಲ್ಕನೆಯದಾಗಿದ್ದ ತಂಡವನ್ನು ತನ್ನ ತವರಿನಲ್ಲಿ ಒಂದು ಗೋಲಿನಿಂದ ಸೋಲಿಸಿತು. ಇದರಲ್ಲಿ ಸುದ್ದಿಯಾಗುವಂಥದ್ದು ಏನಿದೆ ಎನಿಸಬಹುದು. ಆದರೆ ಆ ಸಂಜೆ ಗೆದ್ದ ಸಿಟಿ ಅಭಿಮಾನಿಗಳು ಬಿಕ್ಕಿ ಬಿಕ್ಕಿ ಅತ್ತರು. ಸೋತ ರೇಂಜರ್ಸ್ ಅಭಿಮಾನಿಗಳು ಕುಣಿದರು. ದೂರದ ಸಂಡರ್‌ಲ್ಯಾಂಡ್‌ನಲ್ಲಿ ಬೇರೆಯದೇ ಪಂದ್ಯ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಪೆಚ್ಚಾಗಿ ನಿಂತರೆ, ಅವರಿಗೆ ಸೋತಿದ್ದ ಸಂಡರ್‌ಲ್ಯಾಂಡ್‌ನವರು ಹಬ್ಬ ಮಾಡಿದರು. ಒಂದು ಗೋಲಿಗೆ ನಾಲ್ಕು ಕಡೆಯವರು ನಾಲ್ಕು ಬಗೆಯಲ್ಲಿ ಸ್ಪಂದಿಸಿದ್ದೇಕೆ ಎಂದು ತಿಳಿಯಬೇಕಾದರೆ, ಆಟಕ್ಕಿಂತ ಮೊದಲು ಲೀಗ್ ಎಂಬ ವ್ಯವಸ್ಥೆ ಅರ್ಥವಾಗಬೇಕು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳಿವೆ. ಪ್ರತಿ ತಂಡ ಉಳಿದ ಹತ್ತೊಂಬತ್ತರ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತದೆ. ತಂಡಕ್ಕೆ 38 ಪಂದ್ಯ, ಒಟ್ಟು 380. ಗೆದ್ದರೆ 3 ಅಂಕ, ಡ್ರಾ ಆದರೆ 1. ನಮ್ಮ ಐಪಿಎಲ್‌ನಂತೆ ಕೊನೆಗೆ ಫೈನಲ್ ಇಲ್ಲ. ಹೆಚ್ಚು ಅಂಕ ಪಡೆದವರೇ ಚಾಂಪಿಯನ್. ಕೊನೆಯ ಮೂರು ತಂಡಗಳು ಕೆಳದರ್ಜೆಯ ಲೀಗ್‌ಗೆ ಇಳಿಯುತ್ತವೆ. ಇದು ಕ್ಲಬ್ಬಿನ ಆದಾಯಕ್ಕೆ, ಆಟಗಾರರ ಸಂಬಳಕ್ಕೆ, ಊರಿನ ಮರ್ಯಾದೆಗೆ ಬೀಳುವ ಪೆಟ್ಟು. ಹಾಗಾಗಿ ಕಡೆಯ ದಿನ ಪಟ್ಟಿಯ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಜೀವ ಕೈಯಲ್ಲಿ ಹಿಡಿದುಕೊಂಡವರು ಇರುತ್ತಾರೆ. ಆ ದಿನದ ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ಶುರುವಾಗುತ್ತವೆ. ಇನ್ನೊಬ್ಬರ ಫಲಿತಾಂಶ ನೋಡಿಕೊಂಡು ಯಾರೂ ಲೆಕ್ಕ ಹಾಕಿ ಆಡಬಾರದು ಎಂಬುದೇ ಇದರ ಉದ್ದೇಶ.

ಆ ಬೆಳಗ್ಗೆ ಸಿಟಿ ಮತ್ತು ಯುನೈಟೆಡ್, ಎರಡರ ಬಳಿಯೂ 86 ಅಂಕ ಇತ್ತು. ಗೋಲು ಅಂತರದಲ್ಲಿ ಸಿಟಿ ಎಂಟು ಗೋಲು ಮುಂದಿತ್ತು. ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಉಳಿಯುವುದೇ ಗೋಲು ಅಂತರ. ಕ್ರಿಕೆಟ್‌ನ ನೆಟ್ ರನ್‌ರೇಟ್ ಬಲ್ಲವರಿಗೆ ಇದು ಅದಕ್ಕಿಂತ ಸುಲಭ. ಅಂದರೆ ಸಿಟಿ ಗೆದ್ದುಬಿಟ್ಟರೆ ಯುನೈಟೆಡ್ ಏನು ಮಾಡಿದರೂ ಹೆಚ್ಚುಕಡಿಮೆ ವ್ಯರ್ಥ. ಇತ್ತ ರೇಂಜರ್ಸ್ ಬಳಿ 37 ಅಂಕ ಇದ್ದರೆ, ಅದರ ಬೆನ್ನಿಗೇ ಇದ್ದ ಬೋಲ್ಟನ್ ಬಳಿ 35. ಸ್ಟೋಕ್‌ನಲ್ಲಿ ಆಡುತ್ತಿದ್ದ ಬೋಲ್ಟನ್ ಗೆದ್ದು, ಇಲ್ಲಿ ಸೋತರೆ ರೇಂಜರ್ಸ್ ಕೆಳಗಿಳಿಯುತ್ತಿತ್ತು.

ಆ ಋತುವಿನಲ್ಲಿ ಸಿಟಿ ತವರಿನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. 39ನೇ ನಿಮಿಷಕ್ಕೆ ಸಿಟಿಯ ಜಬಾಲೆಟಾ ಮೊದಲ ಗೋಲು ಹೊಡೆದಾಗ ಎಲ್ಲ ಮುಗಿದಂತೆಯೇ ಇತ್ತು. ವಿರಾಮದ ನಂತರ ಸಿಟಿಯ ಲೆಸ್ಕಾಟ್ ತಲೆಯಿಂದ ಚೆಂಡು ತಳ್ಳುವಾಗ ಎಡವಟ್ಟು ಮಾಡಿದರು, ರೇಂಜರ್ಸ್‌ನ ಸಿಸ್ಸೆ ನುಗ್ಗಿ 1-1 ಮಾಡಿದರು. 55ನೇ ನಿಮಿಷದಲ್ಲಿ ರೇಂಜರ್ಸ್ ನಾಯಕ ಜೋಯಿ ಬಾರ್ಟನ್ ಸಿಟಿಯ ಟೆವೆಜ್‌ಗೆ ಮೊಣಕೈ ಬೀಸಿ ಕೆಂಪು ಕಾರ್ಡ್ ಪಡೆದರು. ಹೋಗುವಾಗ ಸುಮ್ಮನೆ ಹೋಗಲಿಲ್ಲ, ಸಿಟಿಯವರೇ ಆದ ಅಗ್ವೆರೊಗೆ ಒದ್ದು, ಕೊಂಪನಿ ಮೇಲೆ ತಲೆಯಿಂದಲೇ ಎರಗಲು ಹೋದರು. ಹನ್ನೊಂದು ಜನರ ಎದುರು ಹತ್ತು ಮಂದಿ ಉಳಿದರು. ಅಷ್ಟಾಗಿಯೂ 66ನೇ ನಿಮಿಷದಲ್ಲಿ ಆ ಹತ್ತು ಮಂದಿಯಲ್ಲಿ ಒಬ್ಬರಾದ ಮ್ಯಾಕಿ ತಲೆಯಿಂದ ಹೊಡೆದು 2-1 ಮಾಡಿಬಿಟ್ಟರು. ಅತ್ತ ಸಂಡರ್‌ಲ್ಯಾಂಡ್‌ನಲ್ಲಿ ರೂನಿ 20ನೇ ನಿಮಿಷದಲ್ಲೇ ಹೊಡೆದ ಗೋಲಿನಿಂದ ಯುನೈಟೆಡ್ ಮುಂದಿತ್ತು. ಪ್ರಶಸ್ತಿ ನಗರದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿದಿತ್ತು.

ಇಲ್ಲಿಂದ ಮುಂದಿನ ಇಪ್ಪತ್ತೈದು ನಿಮಿಷಗಳಲ್ಲಿ ಅಭಿಮಾನಿಗಳ ಮುಖ ನೋಡಬೇಕು. ಟಿವಿ ಕ್ಯಾಮೆರಾ ತಿರುಗಿದಲ್ಲೆಲ್ಲ ತಲೆಯ ಮೇಲೆ ಕೈ ಹೊತ್ತವರು, ಮುಖ ಮುಚ್ಚಿಕೊಂಡ ಮಧ್ಯವಯಸ್ಕರು, ಕಣ್ಣೊರೆಸಿಕೊಳ್ಳುವವರು. ಎಷ್ಟೋ ಜನ ಎದ್ದು ಹೊರಟೇಬಿಟ್ಟರು. ಅವರನ್ನು ಹೇಡಿಗಳೆಂದು ಆಡಿಕೊಂಡವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ. ಎದುರಿಗೆ ನಡೆಯಲಿರುವ ದುಃಖವನ್ನು ಕೂತು ನೋಡಲಾರದೆ ಎದ್ದು ಹೋಗುವುದು ಪ್ರೀತಿ ಕಡಿಮೆ ಇರುವವರ ಲಕ್ಷಣವಲ್ಲ. ಅಲ್ಲದೆ ಈ ಅಭಿಮಾನಿಗಳ ಬೆನ್ನಿಗೆ ಒಂದು ಚರಿತ್ರೆಯೂ ಇತ್ತು.

ಅದಕ್ಕೆ ಮೊದಲು ಸಿಟಿ ಕೊನೆಯ ಬಾರಿ ಲೀಗ್ ಗೆದ್ದದ್ದು 1968ರಲ್ಲಿ. ನಡುವಿನ 44 ವರ್ಷಗಳಲ್ಲಿ ಅದೇ ಊರಿನ ಯುನೈಟೆಡ್ ಹನ್ನೆರಡು ಬಾರಿ ಗೆದ್ದಿತ್ತು. ಸಿಟಿ ಟ್ರೋಫಿ ಕಂಡು ಎಷ್ಟು ವರ್ಷವಾಯಿತು ಎಂದು ಎಣಿಸುವ ಬ್ಯಾನರೊಂದನ್ನು ಯುನೈಟೆಡ್ ಅಭಿಮಾನಿಗಳು ತಮ್ಮ ಮೈದಾನದಲ್ಲಿ ನೇತುಹಾಕಿ, ವರ್ಷ ವರ್ಷ ಅಂಕಿ ತಿದ್ದುತ್ತಿದ್ದರು. 2011ರಲ್ಲಿ ಸಿಟಿ ಎಫ್‌ಎ ಕಪ್ ಗೆದ್ದ ಮೇಲಷ್ಟೇ ಅದು ಕೆಳಗಿಳಿದದ್ದು.

1996ರ ಕಥೆ ಇನ್ನೂ ವಿಚಿತ್ರ. ಋತುವಿನ ಕೊನೆಯ ದಿನ ಲಿವರ್‌ಪೂಲ್ ಎದುರು 0-2 ಹಿಂದಿದ್ದ ಸಿಟಿ 2-2ಕ್ಕೆ ಬಂದು ನಿಂತಿತು. ಅಷ್ಟರಲ್ಲಿ, ಬೇರೆಡೆ ಪ್ರತಿಸ್ಪರ್ಧಿ ಸೋಲುತ್ತಿದೆ, ಲೀಗ್‌ನಲ್ಲಿ ಉಳಿಯಲು ಡ್ರಾ ಆದರೆ ಸಾಕು ಎಂಬ ಸುಳ್ಳುಸುದ್ದಿ ಮೈದಾನಕ್ಕೆ ಬಂತು. ಆಟಗಾರರು ಚೆಂಡನ್ನು ಮೂಲೆಯ ಬಾವುಟದ ಹತ್ತಿರ ಇಟ್ಟುಕೊಂಡು ಕಾಲಹರಣಕ್ಕಿಳಿದರು! ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬಂದಿದ್ದ ನಿಯಲ್ ಕ್ವಿನ್ ನಿಜ ತಿಳಿದು ಗೆರೆಯ ಬದಿ ಓಡಿಬಂದು ಕೂಗಿ ಹೇಳಬೇಕಾಯಿತು. ಹೊತ್ತು ಮೀರಿತ್ತು. ಮೂರು ತಂಡಗಳು ತಲಾ 38 ಅಂಕ ಪಡೆದಿದ್ದವು. ಗೋಲು ಅಂತರದಲ್ಲಿ ಹಿಂದಿದ್ದ ಸಿಟಿ ಕೆಳಗಿಳಿಯಿತು. ಮುಂದಿನ ಎರಡು ವರ್ಷಗಳಲ್ಲಿ ಮೂರನೇ ದರ್ಜೆಗೂ ಕುಸಿಯಿತು.

ಅಲ್ಲಿಂದ ಮೇಲೇರಲು 1999ರ ಮೇ 30ರಂದು ವೆಂಬ್ಲಿಯಲ್ಲಿ ಗಿಲ್ಲಿಂಗ್‌ಹ್ಯಾಮ್ ವಿರುದ್ಧ ಆಡಿದಾಗ 87 ನಿಮಿಷಕ್ಕೆ 0-2 ಹಿಂದೆ. ಆಗಲೂ ಅಭಿಮಾನಿಗಳು ಎದ್ದು ಹೊರಟರು. 90ನೇ ನಿಮಿಷಕ್ಕೆ ಹಾರ್ಲಾಕ್, 95ನೇ ನಿಮಿಷಕ್ಕೆ ಡಿಕಾವ್ ಗೋಲು ಹೊಡೆದು ಸಮ ಮಾಡಿದರು, ಪೆನಾಲ್ಟಿಯಲ್ಲಿ ಸಿಟಿ ಗೆದ್ದಿತು. ಅದಕ್ಕೆ ನಾಲ್ಕೇ ದಿನ ಮೊದಲು ಯುನೈಟೆಡ್ ಬಾರ್ಸಿಲೋನಾದಲ್ಲಿ ಬಯರ್ನ್ ಮ್ಯೂನಿಕ್ ಎದುರು ಕೊನೆಯ ಕ್ಷಣದ ಎರಡು ಗೋಲುಗಳಿಂದ ಯುರೋಪಿನ ಚಾಂಪಿಯನ್ ಆಗಿತ್ತು. ಜಗತ್ತು ಅದನ್ನು ನೆನಪಿಟ್ಟಿತು, ಇದನ್ನು ಸಿಟಿಯವರು ಮಾತ್ರ. 2008ರಲ್ಲಿ ಅಬುಧಾಬಿಯ ಹಣ ಬಂದ ಮೇಲೆ ಈ ಕ್ಲಬ್ಬಿಗೆ ಎಲ್ಲವೂ ದುಡ್ಡಿನಿಂದ ಬಂತು ಎನ್ನುವವರಿದ್ದಾರೆ. ಆಟಗಾರರ ಮಟ್ಟಿಗೆ ಆ ಮಾತು ನಿಜ. ಗ್ಯಾಲರಿಯಲ್ಲಿ ಅಳುತ್ತಿದ್ದ ಐವತ್ತರ ಆಸುಪಾಸಿನವರ ಮಟ್ಟಿಗೆ ಅಲ್ಲ.

ಮತ್ತೆ 2012ಕ್ಕೆ ಬರೋಣ. ಫುಟ್‌ಬಾಲ್‌ನಲ್ಲಿ ಗಡಿಯಾರ ನಿಲ್ಲುವುದಿಲ್ಲ. ಗಾಯ, ಜಗಳ, ಬದಲಿ ಆಟಗಾರರ ಪ್ರವೇಶ ಇವುಗಳಿಂದ ಪೋಲಾದ ಹೊತ್ತನ್ನು ರೆಫರಿ 90 ನಿಮಿಷ ಮುಗಿದ ಮೇಲೆ ಸೇರಿಸುತ್ತಾರೆ. ಇದನ್ನೇ ಇಂಜುರಿ ಟೈಂ ಎನ್ನುವುದು. ಆ ದಿನ ಬೋರ್ಡಿನ ಮೇಲೆ ಕಂಡದ್ದು 5. ಬಾರ್ಟನ್ ಎಬ್ಬಿಸಿದ ರಂಪಾಟಕ್ಕೆ ಹಿಡಿದ ಹೊತ್ತಿಗೂ ಆ ಐದರಲ್ಲಿ ಪಾಲಿತ್ತು. 92ನೇ ನಿಮಿಷದಲ್ಲಿ ಸಿಲ್ವಾ ಹೊಡೆದ ಕಾರ್ನರ್‌ಗೆ ಜೆಕೊ ತಲೆಗೊಟ್ಟು 2-2 ಮಾಡಿದರು. ಗದ್ದಲವೆದ್ದಿತು, ಆದರೆ ಡ್ರಾ ಆದರೂ ಸಿಟಿಗೆ ಪ್ರಶಸ್ತಿ ಇಲ್ಲ. ಅಷ್ಟು ಹೊತ್ತಿಗೆ ಬೋಲ್ಟನ್ 2-2 ಡ್ರಾಗೆ ತೃಪ್ತಿಪಟ್ಟ ಸುದ್ದಿ ರೇಂಜರ್ಸ್ ಪಾಳಯಕ್ಕೆ ತಲುಪಿತ್ತು. ಸೋತರೂ ತಾವು ಉಳಿದೆವು ಎಂದು ಆ ಮೂಲೆಯ ಅಭಿಮಾನಿಗಳು ಆಗಲೇ ಕುಣಿಯತೊಡಗಿದ್ದರು. ಸಂಡರ್‌ಲ್ಯಾಂಡ್‌ನಲ್ಲಿ ಪಂದ್ಯ ಮುಗಿಸಿದ ಯುನೈಟೆಡ್ ಆಟಗಾರರು ಮೈದಾನದಲ್ಲೇ ಸುದ್ದಿಗಾಗಿ ಕಾಯುತ್ತಿದ್ದರು. ಆ ಕೆಲವು ಕ್ಷಣ ಅವರೇ ಚಾಂಪಿಯನ್ನರು.

ಗಡಿಯಾರ 93 ನಿಮಿಷ 20 ಸೆಕೆಂಡ್ ತೋರಿಸುತ್ತಿತ್ತು. ಬಾಲೊಟೆಲ್ಲಿ ಬೀಳುತ್ತಾ ಬೀಳುತ್ತಾ ಚೆಂಡನ್ನು ಮುಂದಕ್ಕೆ ನೂಕಿದರು, ಅಗ್ವೆರೊ ಒಬ್ಬರನ್ನು ತಪ್ಪಿಸಿ ಗೋಲು ಹೊಡೆದರು. ಅಂಗಿ ಕಳಚಿ ತಲೆಯ ಮೇಲೆ ಬೀಸುತ್ತಾ ಓಡಿದರು. ಅಂಗಿ ಬಿಚ್ಚಿದ್ದಕ್ಕೆ ನಿಯಮದಂತೆ ಹಳದಿ ಕಾರ್ಡೂ ಬಂತು, ಆದರೆ ಯಾರಿಗೆ ಬೇಕಿತ್ತು ಅದು! ವೀಕ್ಷಕ ವಿವರಣೆಗಾರ ಮಾರ್ಟಿನ್ ಟೈಲರ್ ಅಗ್ವೆರೊ ಹೆಸರನ್ನು ಎಳೆದು ಕೂಗಿದ್ದನ್ನು ಇಂದಿಗೂ ಜನ ಹಾಕಿಕೊಂಡು ಕೇಳುತ್ತಾರೆ. ಹೊರಗೆ ಹೋಗಿದ್ದವರು ಗದ್ದಲ ಕೇಳಿ ಗೇಟಿನತ್ತ ವಾಪಸ್ ಓಡಿದರು. ಸಂಡರ್‌ಲ್ಯಾಂಡ್‌ನಲ್ಲಿ ತವರಿನ ಅಭಿಮಾನಿಗಳು ಮೈದಾನಕ್ಕೆ ಬೆನ್ನು ಹಾಕಿ, ಹೆಗಲಿಗೆ ಹೆಗಲು ಕೊಟ್ಟು ಕುಪ್ಪಳಿಸಿದರು. ಅದು ಸಿಟಿಯವರ ಕುಣಿತ, ಪೋಲೆಂಡಿನ ಪೊಜ್ನಾನ್ ನಗರದ ಕ್ಲಬ್ಬಿನಿಂದ 2010ರಲ್ಲಿ ಕಲಿತದ್ದು. ಯುನೈಟೆಡ್‌ನವರ ಹೊಟ್ಟೆ ಉರಿಸಲೆಂದೇ ಸಂಡರ್‌ಲ್ಯಾಂಡ್‌ನವರು ಅದನ್ನು ಎರವಲು ಪಡೆದಿದ್ದರು.

ಇಷ್ಟೊಂದು ಆವೇಶ ಏಕೆ? ಒಂದು ಕಾರಣ ಗೋಲುಗಳ ಬರ. ಆ ಋತುವಿನ 380 ಪಂದ್ಯಗಳಲ್ಲಿ ಬಿದ್ದದ್ದು 1066 ಗೋಲು, ಅಂದರೆ ಪಂದ್ಯಕ್ಕೆ ಮೂರೂ ಇಲ್ಲ. ಕ್ರಿಕೆಟ್‌ನಲ್ಲಿ ಪ್ರತಿ ಎಸೆತಕ್ಕೂ ಲೆಕ್ಕ ಬದಲಾಗುತ್ತದೆ, ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಸಿದ್ಧವಾಗುತ್ತದೆ. ಫುಟ್‌ಬಾಲ್ ಅರ್ಧ ಗಂಟೆ ಏನೂ ಕೊಡದೆ ಕೂರಿಸಿ, ಎರಡು ಸೆಕೆಂಡಿನಲ್ಲಿ ಎಲ್ಲವನ್ನೂ ಕೊಟ್ಟುಬಿಡುತ್ತದೆ. ಸಿದ್ಧವಾಗಲು ಪುರುಸೊತ್ತಿಲ್ಲ. ಎರಡನೆಯದು, ಸೋಲನ್ನು ಆಗಲೇ ಒಪ್ಪಿಕೊಂಡು ಮುಗಿಸಿದ್ದ ಮನಸ್ಸಿಗೆ ಗೆಲುವು ಬಂದು ಬಡಿಯುವುದು. ಸುಲಭವಾಗಿ 3-0 ಗೆದ್ದಿದ್ದರೆ ಅದೇ ಪ್ರಶಸ್ತಿ, ಅದೇ 89 ಅಂಕ. ಕಣ್ಣೀರು ಮಾತ್ರ ಇಷ್ಟು ಬರುತ್ತಿರಲಿಲ್ಲ.

ಆದರೆ ಅಭಿಮಾನಿಗಳು ಆ ಗಳಿಗೆಯಲ್ಲಿ ಮರೆಯುವ, ವಿಶ್ಲೇಷಕರು ಮರೆಯಬಾರದ ಸಂಗತಿಯೊಂದಿದೆ. ಲೀಗ್ ಪ್ರಶಸ್ತಿ 94ನೇ ನಿಮಿಷದಲ್ಲಿ ಹುಟ್ಟುವುದಿಲ್ಲ. ಆರು ಪಂದ್ಯ ಬಾಕಿ ಇದ್ದಾಗ ಯುನೈಟೆಡ್ ಎಂಟು ಅಂಕ ಮುಂದಿತ್ತು. ಆಮೇಲೆ ವಿಗನ್‌ಗೆ ಸೋತಿತು. ತವರಿನಲ್ಲಿ ಎವರ್ಟನ್ ಎದುರು 4-2 ಮುಂದಿದ್ದು, 83 ಮತ್ತು 85ನೇ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 4-4 ಡ್ರಾ ಮಾಡಿಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎವರ್ಟನ್‌ನ ಆ ಪುಟಿದೇಳುವಿಕೆಯ ನಿಜವಾದ ಫಲ ಉಂಡದ್ದು ಸಿಟಿ.

ಇನ್ನೂ ಬೆರಗಿನ ಲೆಕ್ಕ 2011ರ ಅಕ್ಟೋಬರ್ 23ರದ್ದು. ಅಂದು ಯುನೈಟೆಡ್‌ನ ಮೈದಾನದಲ್ಲೇ ಸಿಟಿ 6-1 ಗೆದ್ದಿತ್ತು. ಅದರಲ್ಲಿ ಮೂರು ಗೋಲು ಬಂದದ್ದು ಪಂದ್ಯದ ತೀರಾ ಕೊನೆಯಲ್ಲಿ, ಫಲಿತಾಂಶ ನಿಶ್ಚಯವಾದ ಮೇಲೆ, ಯುನೈಟೆಡ್ ಅಭಿಮಾನಿಗಳು ಮನೆಯ ಹಾದಿ ಹಿಡಿದ ಮೇಲೆ. ಆಗ ಅವು ಬರೀ ಶೋಕಿಯ ಗೋಲುಗಳಂತೆ ಕಂಡವು. ಋತು ಮುಗಿದಾಗ ಸಿಟಿ ಹೊಡೆದದ್ದು 93, ಬಿಟ್ಟುಕೊಟ್ಟದ್ದು 29. ಯುನೈಟೆಡ್ ಹೊಡೆದದ್ದು 89, ಬಿಟ್ಟುಕೊಟ್ಟದ್ದು 33. ಅಂಕ ಇಬ್ಬರದೂ 89. ಈಗ ಒಂದು ಕಾಗದ ತೆಗೆದುಕೊಳ್ಳಿ. ಆ 6-1ರ ಜಾಗದಲ್ಲಿ ಸಿಟಿ 1-0 ಗೆದ್ದಿತ್ತು ಎಂದಿಟ್ಟುಕೊಂಡು ಕೂಡಿ ಕಳೆಯಿರಿ. ಸಿಟಿ ಹೊಡೆದದ್ದು 88, ಬಿಟ್ಟುಕೊಟ್ಟದ್ದು 28. ಯುನೈಟೆಡ್‌ನದೂ 88, 28! ಎರಡೂ ತಂಡ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮವಾಗಿ, ಪ್ರಶಸ್ತಿಗೆ ಮತ್ತೊಂದು ಪಂದ್ಯ ಆಡಬೇಕಾಗುತ್ತಿತ್ತು. ಅಗ್ವೆರೊ ಗೋಲಿನ ಪಕ್ಕದಲ್ಲಿ ಆ ಮೂರು ಗೋಲುಗಳನ್ನೂ ಚೌಕಟ್ಟು ಹಾಕಿಸಿ ಇಡಬೇಕೆಂಬುದು ನನ್ನ ವಾದ.

ಸೋತೂ ಕುಣಿಯುವ ರೇಂಜರ್ಸ್‌ನವರ ಮನಸ್ಥಿತಿ ಕನ್ನಡಿಗರಿಗೆ ಹೊಸದೇನಲ್ಲ, ತಿರುಗುಮುರುಗಾಗಿ ಕಂಡಿದ್ದೇವೆ. 2024ರ ಮೇ 18ರಂದು ಚಿನ್ನಸ್ವಾಮಿ ಮೈದಾನದಲ್ಲಿ ಪ್ಲೇ-ಆಫ್ ತಲುಪಲು ಆರ್‌ಸಿಬಿ ಗೆದ್ದರಷ್ಟೇ ಸಾಲದಿತ್ತು, ಚೆನ್ನೈಯನ್ನು ಕನಿಷ್ಠ 18 ರನ್ ಅಂತರದಿಂದ ಸೋಲಿಸಬೇಕಿತ್ತು. ಕೊನೆಯ ಓವರಿನಲ್ಲಿ ಚೆನ್ನೈಗೆ ಗೆಲ್ಲಲು 35, ಸೋತೂ ಮುಂದೆ ಹೋಗಲು ಬರೀ 17 ಬೇಕಿತ್ತು. ಯಶ್ ದಯಾಳ್ ಎಸೆದ ಮೊದಲ ಚೆಂಡನ್ನು ಧೋನಿ ಸಿಕ್ಸರ್‌ಗಟ್ಟಿದಾಗ ಊರೇ ಉಸಿರು ಬಿಗಿಹಿಡಿಯಿತು, ಮರು ಎಸೆತಕ್ಕೆ ಧೋನಿ ಔಟಾದರು. ಆ ರಾತ್ರಿ ಜನ ಆಡುತ್ತಿದ್ದದ್ದು ಪಂದ್ಯದ ಲೆಕ್ಕವನ್ನಲ್ಲ, ಪಟ್ಟಿಯ ಲೆಕ್ಕವನ್ನು.

ಫುಟ್‌ಬಾಲ್‌ನಲ್ಲೇ ಬೇಕೆಂದರೆ ಕಂಠೀರವ ಕ್ರೀಡಾಂಗಣದ 2015ರ ಮೇ 31 ಇದೆ. ಐ-ಲೀಗ್‌ನ ಕೊನೆಯ ಪಂದ್ಯ. ಹಿಂದಿನ ವರ್ಷ ಮೊದಲ ಪ್ರಯತ್ನದಲ್ಲೇ ಚಾಂಪಿಯನ್ ಆಗಿದ್ದ ಬೆಂಗಳೂರು ಎಫ್‌ಸಿಗೆ ಗೆಲುವು ಬೇಕು, ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಲ್ಲೊ ರಝಾಕ್ ತಲೆಗೊಟ್ಟರು. 1-1. ಬಾಗಾನ್ 39, ಬೆಂಗಳೂರು 37. ತಮ್ಮದೇ ಮೈದಾನದಲ್ಲಿ, ಆ ಪಂದ್ಯವನ್ನು ಸೋಲದೆಯೂ, ಪ್ರಶಸ್ತಿ ಸೋಲುವುದು ಹೇಗಿರುತ್ತದೆ ಎಂಬುದು ಅಂದು ಬೆಂಗಳೂರು ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ ನಿಂತವರಿಗೆ ಗೊತ್ತು. ಅದೇ ಕ್ರೀಡಾಂಗಣದಲ್ಲಿ ಬಾಗಾನ್‌ನವರು ಹದಿಮೂರು ವರ್ಷದ ಬರ ನೀಗಿದ್ದಕ್ಕೆ ಕುಣಿಯುತ್ತಿದ್ದರು.

ಸಾಮಾನ್ಯವಾಗಿ ಪ್ರತಿ ವರ್ಷ ಮೇ ತಿಂಗಳ ಒಂದು ಭಾನುವಾರ ಪ್ರೀಮಿಯರ್ ಲೀಗ್‌ನ ಹತ್ತೂ ಪಂದ್ಯಗಳು ಒಟ್ಟಿಗೆ ಶುರುವಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿ ಅದು ರಾತ್ರಿ ಎಂಟೂವರೆಯ ಹೊತ್ತು. ಆಟದ ನಿಯಮ ಪೂರ್ತಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಮ್ಮೆ ಕೂತು ನೋಡಿ. ಪಕ್ಕದಲ್ಲಿ ಅಂಕಪಟ್ಟಿ ತೆರೆದಿಟ್ಟುಕೊಳ್ಳಿ, ಪ್ರಶಸ್ತಿಯ ತುದಿಯಷ್ಟೇ ಕೆಳಗಿನ ಮೂರು ಸ್ಥಾನಗಳ ಮೇಲೂ ಕಣ್ಣಿಡಿ. ಬೋರ್ಡಿನ ಮೇಲೆ ಇಂಜುರಿ ಟೈಮಿನ ಅಂಕಿ ಕಂಡಾಗ ಮಾತ್ರ ದಯವಿಟ್ಟು ಚಾನೆಲ್ ಬದಲಿಸಬೇಡಿ.